ಮದ್ದು ಇಕ್ಕಿದ ಕೈ

ನಮ್ಮಪ್ಪನಿಗೆ ನಮ್ಮತ್ತೆ ಮದ್ದು ಇಕ್ಕಲಿಲ್ಲ. ಇಕ್ಕಿದಳು ಎಂದು ಊರೆಲ್ಲ ಅಂದಿತು, ನಮ್ಮಮ್ಮ ಸಾಯುವವರೆಗೂ ಅಂದಳು, ಈಗಲೂ ನಮ್ಮ ಕಡೆಯ ಹಳಬರು ಯಾರಾದರೂ ಮದುವೆ ಮನೆಯಲ್ಲಿ ಸಿಕ್ಕಿದರೆ ಅದನ್ನೇ ಅನ್ನುತ್ತಾರೆ. ಸುಳ್ಳು. ಅಪ್ಪ ಸತ್ತದ್ದು ಆಲೂಗಡ್ಡೆಗೆ ಹಾಕುವ ಔಷಧಿಯಿಂದ. ಬೇರೆಯವರ ತೋಟದಲ್ಲಿ, ಕೂಲಿಗೆ, ಅವನು ಅದನ್ನು ತನ್ನ ಕೈಯಾರೆ ಕಲಸುತ್ತಿದ್ದ. ಅದು ಅವನ ಮೂತ್ರಪಿಂಡ ತಿಂದುಹಾಕಿತು. ನಡೆದದ್ದು ಇಷ್ಟೇ. ಇಷ್ಟನ್ನು ನಂಬುವುದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಔಷಧಿ ಎಂದರೆ ವಾಸಿ ಮಾಡುವಂಥದ್ದು, ಮದ್ದು ಎಂದರೆ ಆಗದವರು ಅನ್ನದಲ್ಲಿ ಕದ್ದು ಬೆರೆಸಿ ಹಾಕುವಂಥದ್ದು, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗಿಂದ ತಿನ್ನುತ್ತದೆ ಎಂದು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವರು ನಾವು. ಅನ್ನ ಇಕ್ಕುವುದಕ್ಕೂ ಮದ್ದು ಇಕ್ಕುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಹಾಗಾಗಿ ದಿನಾ ಅನ್ನ ಇಕ್ಕಿದವಳ ಮೇಲೆ ಬಂತು.

ಸಾದಲಿ ಕಡೆಯ ಸಣ್ಣ ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಗಾಳಿ ಆಡುತ್ತಿದ್ದ ಕೋಣೆ ನಡುಮನೆ ಒಂದೇ, ಅದು ರೇಷ್ಮೆ ಹುಳಗಳದ್ದು. ನಾವು ಅಡುಗೆಮನೆಯ ಹೊಗೆಯಲ್ಲೋ ಜಗಲಿಯಲ್ಲೋ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಲಗುತ್ತಿದ್ದೆವು. ನಡುಮನೆಯ ತುಂಬ ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿತ್ತು, ಇರುವೆ ಹತ್ತಬಾರದೆಂದು ಗೂಟಗಳ ಬುಡಕ್ಕೆ ನೀರಿನ ಬಟ್ಟಲು ಇಟ್ಟಿತ್ತು. ಅಲ್ಲಿನ ಒಡತಿ ನಮ್ಮತ್ತೆ ಅಕ್ಕಯ್ಯಮ್ಮ, ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು. ಎದುರಿಗೆ ಬಂದವರನ್ನೆಲ್ಲ ಬೈಯುತ್ತಿದ್ದಳು, ಹುಳವನ್ನು ಮಾತ್ರ ಬೈಯುತ್ತಿರಲಿಲ್ಲ. ರೇಷ್ಮೆ ಹುಳ ಬೆಳೆಯುವಾಗ ಆಗಾಗ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತು ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿದೆ ಎಂದರೆ ಅತ್ತೆ ಅಡುಗೆಗೆ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ, ಘಾಟು ಹೋದೀತು ಎಂದು. ನನಗೆ ನಿಜವಾದ ಜ್ವರ ಬಂದಾಗ ಜಗಲಿಯಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದರು, ಅತ್ತೆ ಒಳಗೆ ಹುಳದ ಜ್ವರ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ನನಗೆ ಬೇಜಾರಿಲ್ಲ. ಹುಳದಿಂದ ಮನೆಗೆ ರಾಗಿ ಬರುತ್ತಿತ್ತು, ನನ್ನಿಂದ ಏನು ಬರುತ್ತಿತ್ತು?

ಅಪ್ಪ ಪಿಳ್ಳಪ್ಪ ಊರಾಚೆಯ ದೊಡ್ಡ ತೋಟದಲ್ಲಿ ಕೂಲಿ ಮಾಡುತ್ತಿದ್ದ. ಅಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದರು. ಗ್ರಾಮಸೇವಕರು ಸೈಕಲ್ಲಿನಲ್ಲಿ ಬಂದು, ಬೆನ್ನಿಗೆ ಕಟ್ಟಿಕೊಳ್ಳುವ ಹಿತ್ತಾಳೆ ಪಂಪು ತೋರಿಸಿ, ಇದನ್ನು ಹೊರುವವರು ಯಾರು ಎಂದು ಕೇಳಿದಾಗ ಬೇರೆಯವರು ಹಿಂದೆ ಸರಿದರಂತೆ, ಅಪ್ಪ ಮುಂದೆ ಹೋದನಂತೆ. ಅವತ್ತಿನಿಂದ ಅವನು ಪಂಪಿನ ಪಿಳ್ಳಪ್ಪ, ನಾನು ಪಂಪಿನೋನ ಮಗಳು. ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ನೀರನ್ನು ಎಲೆಗೆ ಹೊಡೆಯುತ್ತಿದ್ದ. ಬಿತ್ತನೆ ಗಡ್ಡೆಯನ್ನು ಹೋಳು ಮಾಡಿ ಅದ್ದುವ ತೊಟ್ಟಿಗೆ ಇನ್ನೊಂದು ಬೂದು ಬಣ್ಣದ ಪುಡಿ ಹಾಕುತ್ತಿದ್ದ. ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅದರಲ್ಲಿ ಪಾದರಸ ಇರುತ್ತಿತ್ತು ಎಂದು ಬಹಳ ವರ್ಷಗಳ ಮೇಲೆ ಓದಿದವರೊಬ್ಬರು ಹೇಳಿದರು. ಎರಡಕ್ಕೂ ನಮ್ಮಲ್ಲಿ ಔಷಧಿ ಎಂದೇ ಹೆಸರು. ಪಂಪಿನ ಮೂತಿ ಕಟ್ಟಿಕೊಂಡರೆ ಅಪ್ಪ ಬಾಯಿ ಇಟ್ಟು ಊದುತ್ತಿದ್ದ, ಉಗಿಯುತ್ತಿದ್ದ, ಆಮೇಲೆ ಬೀಡಿ ಹಚ್ಚುತ್ತಿದ್ದ. ಬುತ್ತಿ ಕೊಡಲು ನಾನು ಹೋದಾಗ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಬಿಟ್ಟುಕೊಂಡು ಕೂತಿರುತ್ತಿದ್ದ. ಕೋಲು ಇಲ್ಲವೇ ಎಂದು ಒಂದು ಸಲ ಕೇಳಿದ್ದೆ.

“ಕೋಲಲ್ಲಿ ತಿರುವೋದು ಮುದ್ದೆಗೆ ಕಣಮ್ಮ. ಇದನ್ನ ಕೈಲೇ ಹಿಚುಕ್ಬೇಕು. ಒಂದ್ ಗಂಟೂ ಇರಬಾರ್ದು,” ಎಂದ. ಹೆಮ್ಮೆಯಿಂದಲೇ ಹೇಳಿದ.

ಸಂಜೆ ಅವನು ಮುಂಬಾಗಿಲಿನಿಂದ ಬರುವಂತಿರಲಿಲ್ಲ. ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಚಪ್ಪಡಿಯ ಹತ್ತಿರ, ಅತ್ತೆ ನೀರು ಕಾಯಿಸಿಟ್ಟುಕೊಂಡು ಕಾಯುತ್ತಿದ್ದಳು. ಆ ಔಷಧಿಯ ಗಾಳಿ ತಗುಲಿದರೆ, ಅದು ಬಿದ್ದ ಸೊಪ್ಪು ತಿಂದರೆ ರೇಷ್ಮೆ ಹುಳ ಉಳಿಯುವುದಿಲ್ಲ ಎಂದು ಹುಳ ಸಾಕುವವರಿಗೆ ಬಲು ಬೇಗ ಗೊತ್ತಾಗಿತ್ತು. ಅದಕ್ಕೇ ಈ ಕಟ್ಟುನಿಟ್ಟು.

“ಅಲ್ಲೇ ನಿಂತ್ಕೊ. ಹೊಸಲು ದಾಟಿದ್ರೆ ಕಾಲು ಮುರೀತೀನಿ.”

“ಹೊಟ್ಟೆ ಹಸೀತೈತೆ ಕಣಕ್ಕ.”

“ನೀನು ಹಸಿದ್ರೆ ನೀನೊಬ್ಬ ಸಾಯ್ತೀಯ. ನಿನ್ ಅಂಗಿ ಒಳಕ್ಕೆ ಬಂದ್ರೆ ನನ್ ಹುಳ ಅಷ್ಟೂ ಸಾಯ್ತವೆ. ಬಿಚ್ಚು ಮೊದ್ಲು.”

ಅಂಗಿ ಪಂಚೆ ಅಲ್ಲೇ ಬಿಚ್ಚಿಸಿ, ಸೀಗೆಪುಡಿ ಕೈಗೆ ಕೊಟ್ಟು, ತಲೆಯ ಮೇಲಿಂದ ನೀರು ಹುಯ್ಯುತ್ತಿದ್ದಳು. ಉಗುರಿನ ಸಂದಿಯನ್ನು ತೆಂಗಿನ ನಾರಿನಿಂದ ಉಜ್ಜಿಸುತ್ತಿದ್ದಳು. ಬಾಯಿ ಮುಕ್ಕಳಿಸು ಎನ್ನುತ್ತಿದ್ದಳು. ಆ ಅಂಗಿಯನ್ನು ಅವಳೇ ಬೇರೆ ಒಗೆದು ಬೇಲಿಗೆ ಹಾಕುತ್ತಿದ್ದಳು. ಹುಳ ದೊಡ್ಡವಾಗಿ ಗೂಡು ಕಟ್ಟುವ ಹೊತ್ತಿನಲ್ಲಂತೂ ಸ್ನಾನವಾದರೂ ಒಳಗೆ ಬಿಡುತ್ತಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಕೂರಿಸಿ ಒಂದು ತಗಡಿನ ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ಅವಳೇ ತಂದು ಇಕ್ಕುತ್ತಿದ್ದಳು. ಅವನ ಮೇಲಿನ ಪ್ರೀತಿಗೆ ಇದನ್ನೆಲ್ಲ ಮಾಡಿದಳು ಎಂದು ನಾನು ಬರೆಯುವುದಿಲ್ಲ. ಹುಳಕ್ಕಾಗಿ ಮಾಡಿದಳು. ಆದರೆ ನೀರು ಬಿದ್ದದ್ದು ಅವನ ಮೈ ಮೇಲೆ. ನಮ್ಮಮ್ಮ ನಾರಾಯಣಮ್ಮನಿಗೆ ಇದು ಕಣ್ಣಲ್ಲಿ ಬಿದ್ದ ಕಸದ ಹಾಗೆ ಆಗಿತ್ತು.

“ನನ್ ಗಂಡ ಏನು ತಿರುಪೆಯೋನಾ, ಕೊಟ್ಟಿಗೇಲಿ ಕೂರ್ಸಿ ಇಕ್ಕೋಕೆ?”

“ಹುಳ ಗೂಡು ಕಟ್ಟೋಗಂಟ ತಿರುಪೆಯೋನೇ. ಆಮೇಲೆ ನಿನ್ ಗಂಡ, ತಗೊಂಡೋಗಿ ಮಡಿಲಲ್ಲಿ ಕೂರಿಸ್ಕೊ.”

ಅಪ್ಪ ನಗುತ್ತಿದ್ದ. ಎರಡು ಹೆಂಗಸರು ತನಗಾಗಿ ಜಗಳವಾಡಿದರೆ ಗಂಡಸಿಗೆ ನಗು ಬರುತ್ತದೆ.

ಮೊದಲು ಊದಿದ್ದು ಅವನ ಕಣ್ಣಿನ ರೆಪ್ಪೆ. ಬೆಳಗ್ಗೆ ಎದ್ದರೆ ಮುಖ ಯಾರದೋ ಎನ್ನುವ ಹಾಗೆ ಇರುತ್ತಿತ್ತು, ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ಆಮೇಲೆ ಕಾಲು. ನಾನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನನಗೆ ಅದು ಆಟವಾಗಿತ್ತು, ಒತ್ತುತ್ತಿದ್ದೆ, ಅವನು ಸುಮ್ಮನೆ ಕಾಲು ಚಾಚಿ ಕೂತಿರುತ್ತಿದ್ದ. ಹಿತ್ತಲ ಗೋಡೆಯ ಬುಡದಲ್ಲಿ ಅವನು ಉಚ್ಚೆ ಹುಯ್ದ ಜಾಗದಲ್ಲಿ ನೊರೆ ನಿಲ್ಲುತ್ತಿತ್ತು, ಆಗಷ್ಟೇ ಕರೆದ ಹಾಲಿನ ನೊರೆಯ ಹಾಗೆ. ಅದನ್ನು ಅಮ್ಮ ನೋಡಿದಳು, ಪಕ್ಕದ ಮನೆಯ ಎಲ್ಲಮ್ಮನನ್ನು ಕರೆದು ತೋರಿಸಿದಳು. ಎಲ್ಲಮ್ಮ ಬಗ್ಗಿ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡಳು.

“ಯಾರೋ ಇಕ್ಕವ್ರೆ ಕಣೇ. ನನ್ ಮೈದುನಂಗೂ ಹಿಂಗೇ ನೊರೆ ಬಂದಿತ್ತು. ಊಟ ಯಾರು ಇಕ್ತಾರೆ ನಿನ್ ಗಂಡಂಗೆ?”

ಅಮ್ಮ ಕೊಟ್ಟಿಗೆಯ ಕಡೆ ತಿರುಗಿದಳು. ಅಲ್ಲಿ ಯಾರು ಇಕ್ಕುತ್ತಾರೆ ಎಂದು ಎಲ್ಲರಿಗೂ ಕಾಣುತ್ತಿತ್ತು.

ಮಂಚೇನಹಳ್ಳಿ ದಾಟಿ ಒಂದು ಊರಿನಲ್ಲಿ ಮದ್ದು ತೆಗೆಯುವ ಮುದುಕಿ ಇದ್ದಳು. ಬಸ್ಸಿನಲ್ಲಿ ಅಪ್ಪ, ಅಮ್ಮ, ನಾನು ಹೋದೆವು. ಅವಳ ಅಂಗಳದಲ್ಲಿ ನಮ್ಮಂಥವರು ಬೇಕಾದಷ್ಟು ಜನ ಕೂತಿದ್ದರು. ಮುದುಕಿ ಯಾವುದೋ ಸೊಪ್ಪಿನ ರಸವನ್ನು ಅಪ್ಪನ ಅಂಗೈಗೆ ಬಿಟ್ಟು, ಅದು ಗಟ್ಟಿಯಾಗುವುದನ್ನು ನೋಡಿ ತಲೆ ಆಡಿಸಿದಳು. ಆಮೇಲೆ ಅದೇ ರಸ ಕುಡಿಸಿದಳು. ಅಪ್ಪ ಹೊಂಗೆ ಮರದ ಕೆಳಗೆ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದ. ಅದರಲ್ಲಿ ಒಂದು ಕಪ್ಪು ಉಂಡೆ ಬಿತ್ತು. ಮುದುಕಿ ಅದನ್ನು ಕಡ್ಡಿಯಲ್ಲಿ ಹೊರಳಿಸಿ ತೆಲುಗಿನಲ್ಲಿ ಹೇಳಿದಳು.

“ಬಾಗಾ ಕಾವಲಸಿನವಾಳ್ಳೇ ಪೆಟ್ಟಿನಾರಮ್ಮಾ.”

ಬಹಳ ಬೇಕಾದವರೇ ಇಕ್ಕಿದ್ದಾರೆ ಎಂದು. ನಮ್ಮ ಮನೆಯಲ್ಲಿ ಎಲ್ಲರಿಗೂ ತೆಲುಗು ಬರುತ್ತಿತ್ತು, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಉಂಡೆ ರಾಗಿ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ನುಂಗುತ್ತಾರೆ. ಬೆಳಗ್ಗೆ ಬಸ್ಸಿಗೆ ಅವಸರ ಮಾಡಿ ದೊಡ್ಡ ದೊಡ್ಡ ತುತ್ತು ನುಂಗಿ ಬಂದಿದ್ದ. ಹೊಟ್ಟೆ ಕೆಟ್ಟವನಿಗೆ ಅದು ಕರಗಿರಲಿಲ್ಲ. ನನಗೆ ಅಲ್ಲೇ ಹಾಗೆ ಕಂಡಿತು, ಹೇಳಿದೆ ಕೂಡ.

“ಅಮ್ಮಾ, ಅದು ಮುದ್ದೆ.”

ಅಮ್ಮ ನನ್ನ ತಲೆಗೆ ಮೊಟಕಿದಳು. ಮುದುಕಿ ನಕ್ಕು, “ಪಿಲ್ಲಕು ಏಮಿ ತೆಲುಸು,” ಎಂದಳು. ಹುಡುಗಿಗೆ ಏನು ಗೊತ್ತು ಎಂದು.

ಮನೆಗೆ ಬಂದಾಗ ಅತ್ತೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಹುಳ ಕೊನೆಯ ಜ್ವರ ಎದ್ದಿದ್ದವು, ಇನ್ನು ಕೆಲವೇ ದಿನದಲ್ಲಿ ಗೂಡು ಕಟ್ಟುತ್ತಿದ್ದವು. ಅಮ್ಮ ನಡುಮನೆಯ ಬಾಗಿಲಲ್ಲಿ ನಿಂತು, ಕೂಗದೆ, ಒಂದೇ ಸಮ ಶುರು ಮಾಡಿದಳು. ಗಂಡನನ್ನು ತಿಂದುಕೊಂಡವಳು ಈಗ ತಮ್ಮನನ್ನು ತಿನ್ನುತ್ತಿದ್ದಾಳೆ ಎಂದಳು. ಯಾಕೆ ನಿನ್ನ ಕೈಯಿಂದಲೇ ಇಕ್ಕಬೇಕಿತ್ತು, ಯಾಕೆ ಬೇರೆ ತಟ್ಟೆ, ಯಾಕೆ ಕೊಟ್ಟಿಗೆ ಎಂದಳು. ಅತ್ತೆ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನಾರಾಯಣೀ, ನಾನು ಹುಳ ಸಾಕೋಳು. ಈ ಕೈಲಿ ಮದ್ದು ಮುಟ್ಟಿದ್ರೆ ಇವು ಬದುಕಿರ್ತಿದ್ವಾ? ನೋಡು, ಹೆಂಗ್ ಮೇಯ್ತಾವ್ರೆ.”

ಹುಳವನ್ನು ಅವಳು ಒಮ್ಮೊಮ್ಮೆ ಮಕ್ಕಳ ಹಾಗೆ ಅವ್ರೆ ಎನ್ನುತ್ತಿದ್ದಳು. ಅವಳು ಕೇಳಿದ ಆ ಪ್ರಶ್ನೆಯಲ್ಲಿ ಎಲ್ಲವೂ ಇತ್ತು. ಹುಳ ಸಾಕುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಯಾರೂ ಹುಳದ ತಟ್ಟೆಯ ಕಡೆ ನೋಡಲಿಲ್ಲ. ಅತ್ತೆ ತಮ್ಮನ ಮುಖ ನೋಡಿದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ, ಕಣ್ಣು ಊದಿ ಸಣ್ಣ ಸೀಳಾಗಿತ್ತು.

“ಅಕ್ಕಾ, ಸ್ವಲ್ಪ ದಿನ ಕೈವಾರದಲ್ಲಿ ಇದ್ದು ಬಾ,” ಎಂದ.

ಕೈವಾರದಲ್ಲಿ ನಮ್ಮವರ ಮನೆ ಇರಲಿಲ್ಲ. ಅಲ್ಲಿನ ದೇವಸ್ಥಾನದಲ್ಲಿ ಬಂದವರಿಗೆ ಅನ್ನ ಹಾಕುತ್ತಾರೆ, ಜಗಲಿಯಲ್ಲಿ ಮಲಗಬಹುದು, ಅಷ್ಟೇ. ಅತ್ತೆ ಎರಡು ಸೀರೆ ಗಂಟು ಕಟ್ಟಿದಳು. ಹೋಗುವಾಗ ನನ್ನನ್ನು ಕರೆದು, ಸೊಪ್ಪು ಒದ್ದೆ ಇದ್ದರೆ ಹಾಕಬೇಡ, ಒರೆಸಿ ಹಾಕು ಎಂದಳು. ನಿಮ್ಮಪ್ಪನನ್ನು ಹಿತ್ತಲಲ್ಲೇ ನಿಲ್ಲಿಸು ಎಂದಳು. ನನ್ನ ಮಾತು ಯಾರು ಕೇಳುತ್ತಾರೆ?

ಅಮ್ಮನಿಗೆ ಅವತ್ತು ಗಂಡ ವಾಪಸು ಸಿಕ್ಕ ಹಾಗಾಯಿತು. ಮಾರನೆಯ ದಿನ ಅವನು ತೋಟದಿಂದ ಬಂದಾಗ ಮುಂಬಾಗಿಲಿನಿಂದಲೇ ಒಳಗೆ ಕರೆದಳು. ನೀಲಿ ಬಿದ್ದ ಅಂಗಿಯಲ್ಲೇ ನಡುಮನೆಯಲ್ಲಿ, ತಟ್ಟೆಗಳ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದಳು, ಕಂಚಿನ ತಟ್ಟೆ ಇಟ್ಟಳು, ಪಕ್ಕದಲ್ಲಿ ಕೂತು ಬೀಸಿದಳು. “ಇನ್ಮೇಲೆ ರಾಜನಂಗೆ ಉಣ್ಣು,” ಎಂದಳು. ಅವನು ಉಂಡ. ಆಮೇಲೆ ಕಾಲು ಚಾಚಿ ಅಲ್ಲೇ ಮಲಗಿದ, ಹೆಗಲ ಮೇಲಿನ ಟವಲನ್ನು ತಟ್ಟೆಯ ಗೂಟಕ್ಕೆ ನೇತುಹಾಕಿದ. ಬೆಳಗ್ಗೆ ನಾನು ಸೊಪ್ಪು ಹಾಕಲು ಹೋದರೆ ಹುಳ ತಲೆಯನ್ನು ಅತ್ತ ಇತ್ತ ಬಡಿಯುತ್ತಿದ್ದವು. ಹಸಿರು ನೀರು ಕಾರಿಕೊಂಡಿದ್ದವು. ಬೆರಳುದ್ದದ ಹುಳ ಮುದುರಿ ಗಿಡ್ಡವಾಗಿದ್ದವು. ಸಂಜೆಯೊಳಗೆ ಎಲ್ಲ ತಟ್ಟೆಗಳೂ ನಾರತೊಡಗಿದವು. ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದವಳು ನಾನೇ, ಕೋಳಿಗಳು ಕೂಡ ಮುಟ್ಟಲಿಲ್ಲ. ಹುಳ ಸತ್ತದ್ದು ಯಾತಕ್ಕೆ ಎಂದು ಹುಳ ಸಾಕುವ ಊರಿನ ಮಗುವಿಗೂ ಗೊತ್ತಿರಬೇಕು. ಅಮ್ಮನಿಗೂ ಗೊತ್ತಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ಅದರ ಹಿಂದೆಯೇ ಇನ್ನೊಂದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅತ್ತಿಗೆಯ ಹೊಟ್ಟೆಯುರಿ ತಗುಲಿತು ಎಂದಳು. ಊರೂ ಅದನ್ನೇ ಅಂದಿತು. ಮೊದಲು ಅತ್ತೆ ತಮ್ಮನಿಗೆ ಮದ್ದು ಇಕ್ಕಿದ್ದಳು, ಈಗ ತಾನು ಸಾಕಿದ ಹುಳಕ್ಕೂ ಮಾಟ ಮಾಡಿದ್ದಳು.

ಆಮೇಲೆ ಆ ಮನೆಯಲ್ಲಿ ಹುಳ ಸಾಕಲಿಲ್ಲ. ನಡುಮನೆ ಖಾಲಿಯಾಯಿತು, ಅಪ್ಪನ ಹಾಸಿಗೆ ಅಲ್ಲಿಗೆ ಬಂತು. ಹಿತ್ತಲಿನ ಒಲೆಯಲ್ಲಿ ನೀರು ಕಾಯುವುದು ನಿಂತಿತು. ಅವನು ಔಷಧಿ ಹೊಡೆದು ಬಂದು ಕೈ ಒರೆಸಿಕೊಂಡು ಉಣ್ಣುತ್ತಿದ್ದ, ಅದೇ ಅಂಗಿಯಲ್ಲಿ ಮಲಗುತ್ತಿದ್ದ. ಊತ ಹೊಟ್ಟೆಗೆ ಏರಿತು. ಪಂಪು ಹೊರಲಾಗದ ದಿನ ತೊಟ್ಟಿಯ ಹತ್ತಿರ ಕೂತು ಪುಡಿ ಕಲಸುವ ಕೆಲಸ ಕೊಟ್ಟರು. ಯಜಮಾನರು ಬಹಳ ಒಳ್ಳೆಯವರು, ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ಬಂದಳು.

ಕೊನೆಗೆ ಚಿಂತಾಮಣಿ ಪೇಟೆಯ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಾಲು ಒತ್ತಿ ನೋಡಿದರು, ಉಚ್ಚೆಯನ್ನು ಗಾಜಿನ ಕೊಳವೆಯಲ್ಲಿ ಕಾಯಿಸಿದರು. ಅದು ಮೊಟ್ಟೆಯ ಬಿಳಿಯ ಹಾಗೆ ಹೆಪ್ಪಾಯಿತು. ಮೂತ್ರಪಿಂಡ ಕೆಟ್ಟಿದೆ ಎಂದರು. ಏನು ಕೆಲಸ ಮಾಡುತ್ತಾನೆ ಎಂದು ಕೇಳಿದರು.

“ಔಷ್ದಿ ಹೊಡೀತಾರೆ ಸ್ವಾಮಿ.”

ಡಾಕ್ಟರು ಅಪ್ಪನ ಉಗುರುಗಳನ್ನು ನೋಡಿದರು. “ಮೊದ್ಲು ಆ ಔಷಧಿ ಬಿಡ್ಬೇಕು. ಬಿಡ್ದಿದ್ರೆ ಉಳಿಯಲ್ಲ, ತಿಳೀತೇನಮ್ಮ? ಉಪ್ಪೂ ಬಿಡ್ಬೇಕು,” ಎಂದು ಹೇಳಿ ಮುಂದಿನವರನ್ನು ಕರೆದರು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅಮ್ಮ ಬೆವರುತ್ತಿದ್ದಳು. ಮಂಚೇನಹಳ್ಳಿ ಕಡೆಯ ಮುದುಕಿ ಕೊಟ್ಟಿದ್ದ ಸೊಪ್ಪಿನ ರಸವನ್ನು ಅವಳು ದಿನಾ ಕುಡಿಸುತ್ತಿದ್ದಳು, ಡಾಕ್ಟರಿಗೆ ಹೇಳಿರಲಿಲ್ಲ.

“ನೋಡಿದ್ರಾ, ನಾಟಿ ಔಷ್ದಿ ಕುಡೀತಿರೋದು ಅವ್ರಿಗೆ ಗೊತ್ತಾಗೋಯ್ತು. ಎಂಥಾ ಡಾಕ್ಟ್ರು!”

ಮನೆಗೆ ಬಂದವಳೇ ಆ ರಸದ ಗಡಿಗೆಯನ್ನು ತಿಪ್ಪೆಗೆ ಒಡೆದಳು. ಉಪ್ಪು ಬಿಡಿಸಿದಳು, ಅಪ್ಪ ಸಪ್ಪೆ ಸಾರು ನುಂಗಲಾಗದೆ ಅತ್ತ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಮಾಡಿದೆವು ಎಂದು ಅವಳಿಗೆ ಸಮಾಧಾನ. ಮಾರನೆಯ ದಿನ ಅಪ್ಪ ತೊಟ್ಟಿಯ ಕೆಲಸಕ್ಕೆ ಹೋದ. ಅದಾದ ಮೇಲೂ ಹೋಗುತ್ತಿದ್ದ, ಏಳಲಾಗದ ದಿನದವರೆಗೆ. ಬಿಡಬೇಕಾಗಿದ್ದ ಔಷಧಿ ಯಾವುದು ಎಂದು ನನಗೆ ಹೊಳೆದದ್ದು ನಾನೇ ಎರಡು ಮಕ್ಕಳ ತಾಯಿಯಾದ ಮೇಲೆ, ಒಂದು ದಿನ ಟೊಮೇಟೊ ಸಾಲಿನಲ್ಲಿ ಕಳೆ ಕೀಳುವಾಗ. ಅಲ್ಲೇ ಕೂತುಬಿಟ್ಟೆ. ಅಮ್ಮ ಇನ್ನೂ ಇದ್ದಳು. ಹೋಗಿ ಹೇಳಿದೆ. ಅವಳು “ನೀನೂ ಅವಳ ಕಡೆಯೋಳೇ,” ಎಂದಳು. ಅವತ್ತಿನಿಂದ ನಾನು ಗೊಬ್ಬರದ ಅಂಗಡಿಗೆ ಹೋದರೆ ಔಷಧಿ ಕೊಡಿ ಎನ್ನುವುದಿಲ್ಲ, ವಿಷ ಕೊಡಿ ಎನ್ನುತ್ತೇನೆ. ಅಂಗಡಿಯವರು ಗಾಬರಿಯಾಗುತ್ತಾರೆ, ಅಜ್ಜಿಗೆ ಮನೆಯಲ್ಲಿ ಏನಾಯಿತೋ ಎಂದು. ನನ್ನ ಸೊಸೆಯರಿಗೆ ನಾಚಿಕೆ. ಹೊಲದಿಂದ ಬಂದ ಮಕ್ಕಳನ್ನು ಹಿತ್ತಲಲ್ಲೇ ನಿಲ್ಲಿಸಿ ನೀರು ಹುಯ್ಯುತ್ತೇನೆ, ಬೈಯುತ್ತೇನೆ, ಅದಕ್ಕೂ ಅವರಿಗೆ ಸಿಟ್ಟು. ನಾನು ಅತ್ತೆಯ ಹಾಗೆ ಆಗಿದ್ದೇನೆ. ಅವಳನ್ನು ಯಾರೂ ಇಷ್ಟಪಡುತ್ತಿರಲಿಲ್ಲ.

ಅಪ್ಪ ಉಚ್ಚೆ ಪೂರಾ ನಿಂತು, ಬಿಕ್ಕಳಿಸಿ ಬಿಕ್ಕಳಿಸಿ ಸತ್ತ. ಹೂಳಿದ ಮೂರನೆಯ ದಿನ ಹಾಲುತುಪ್ಪ. ಬಂಧುಗಳೆಲ್ಲ ಒಬ್ಬೊಬ್ಬರಾಗಿ ಗುಡ್ಡೆಯ ಮಣ್ಣಿನ ಮೇಲೆ ಹಾಲು ಬಿಡಬೇಕು. ಯಾರು ಸುದ್ದಿ ಕೊಟ್ಟರೋ, ಅತ್ತೆ ಕೈವಾರದಿಂದ ನಡೆದು ಬಂದಿದ್ದಳು, ಕಾಲೆಲ್ಲ ಧೂಳು, ಕೈಯಲ್ಲಿ ಸಣ್ಣ ತಂಬಿಗೆಯಲ್ಲಿ ಹಾಲು. ಬದುವಿನ ಆಚೆ ನಿಂತಿದ್ದವಳು, ಎಲ್ಲರದೂ ಆದ ಮೇಲೆ ಎರಡು ಹೆಜ್ಜೆ ಮುಂದೆ ಬಂದಳು. ಅಮ್ಮ ಅಡ್ಡ ನಿಂತಳು.

“ಇಕ್ಕಿದ ಕೈಲೇ ಹಾಲು ಬಿಡ್ತೀಯಾ?”

ಎಲ್ಲಮ್ಮ ಮೂಗು ಒರೆಸಿಕೊಂಡಳು. ಹುಳ ಸತ್ತದ್ದು ಅತ್ತೆಗೆ ಗೊತ್ತಾಗಿತ್ತು, ಅದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಇನ್ನು ತೋರಿಸಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ. ತಂಬಿಗೆಯನ್ನು ಬದುವಿನ ಮೇಲೆ ಇಟ್ಟಳು. ನನ್ನ ಹತ್ತಿರ ಬಂದು, “ಹಿತ್ತಲಲ್ಲೇ ನೀರು ಹುಯ್ಕೊಂಡು ಒಳಕ್ಕೆ ಹೋಗು ಕಣೇ ಲಚ್ಚಿ,” ಎಂದಳು. ಮಣ್ಣಿಗೆ ಹೋಗಿ ಬಂದವರೆಲ್ಲ ಹೊರಗೆ ಸ್ನಾನ ಮಾಡಿಯೇ ಒಳಗೆ ಹೋಗುವುದು, ಅದನ್ನು ಹೇಳಬೇಕಾಗಿರಲಿಲ್ಲ. ಅವಳು ಹೇಳಿದ್ದು ಅದಲ್ಲ ಎಂದು ನನಗೆ ಆಗಲೇ ಅನಿಸಿತು. ಬಂದ ದಾರಿಯಲ್ಲೇ ಹೋದಳು. ಮತ್ತೆ ಅವಳನ್ನು ನಾನು ನೋಡಲಿಲ್ಲ. ಹಾಲನ್ನು ಒಂದು ನಾಯಿ ಕುಡಿಯಿತು.

ಮಾರನೆಯ ಬೆಳಗ್ಗೆ ತೋಟದ ಮೇಸ್ತ್ರಿ ಬಾಗಿಲಿಗೆ ಬಂದು ಕೂಗಿದ. ಬಿತ್ತನೆ ಗಡ್ಡೆ ಬಂದು ಬಿದ್ದಿದೆ, ಅದ್ದುವುದಕ್ಕೆ ಜನ ಸಾಲದು ಎಂದ. ಅಮ್ಮ ಮೂಲೆಯಲ್ಲಿ ಮುಸುಕು ಹಾಕಿ ಕೂತಿದ್ದವಳು, ಮುಸುಕಿನೊಳಗಿಂದಲೇ “ಲಚ್ಚೀ, ಎದ್ದೋಗು,” ಎಂದಳು. ಮಡಕೆಯಲ್ಲಿ ರಾಗಿ ಹಿಟ್ಟು ತಳ ಕಂಡಿತ್ತು. ಹೋದೆ. ತೊಟ್ಟಿಗೆ ನೀರು ತುಂಬಿಸಿದ್ದರು. ಬೂದು ಪುಡಿ ಮೇಲೆ ತೇಲುತ್ತಿತ್ತು, ಕರಗದೆ, ಗಂಟು ಗಂಟಾಗಿ. ನಾನು ಮೇಸ್ತ್ರಿಯನ್ನು ಕೋಲು ಕೇಳಿದೆ.

“ಕೋಲ್ ಯಾಕಮ್ಮ? ನಿಮ್ಮಪ್ಪ ಕೈಲೇ ಕಲಸ್ತಿದ್ದ.”

ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ರವಿಕೆಯ ತೋಳು ಮೇಲಕ್ಕೆ ಸರಿಸಿದೆ. ಮೊಣಕೈವರೆಗೆ ಎರಡೂ ಕೈ ಇಳಿಸಿ, ಗಂಟುಗಳನ್ನು ಹುಡುಕಿ ಹುಡುಕಿ ಹಿಚುಕಿದೆ.